ಅರ್ಧ ಗುಳಿಗೆ

ಸೋಮವಾರ, ೪ ಮಾರ್ಚ್ ೧೯೬೩

ವರ್ಕ್‌ಶಾಪಿನ ಭೋಂಗಾ ಕೂಗುವ ಮೊದಲೇ ಹೆಂಡತಿ ಬುತ್ತಿ ಕಟ್ಟಿಟ್ಟಿದ್ದಳು. ದಿನದಂತೆ ಕೇಳಿದೆ — ಗುಳಿಗೆ?

"ನುಂಗೇನ್ರಿ. ದಿನಾ ಅದ ಕೇಳ್ತೀರಿ. ಸಾಯೂತನಾ ಬಿಡಬ್ಯಾಡಂತ ಹೇಳ್ಯಾರ, ಅಂದ್ರ ಇದೇನ ಗುಳಗಿನೋ, ಇನ್ನೊಬ್ಬ ಗಂಡನೋ?"

ಉಡಚವ್ವನ ಬಾಯಿಗೆ ನಾನು ಯಾವತ್ತೂ ಸೋತವನೇ. ದೀಪಾವಳಿ ಮುಂದೆ ನಳದ ಹತ್ತಿರ ತಲೆ ತಿರುಗಿ ಬಿದ್ದವಳು ಇವಳೇ ಅಂದರೆ ಯಾರೂ ನಂಬಲಿಕ್ಕಿಲ್ಲ. ನಮ್ಮ ರೈಲ್ವೆ ಡಿಸ್ಪೆನ್ಸರಿಯ ಡಾಕ್ಟರು ಆಗಲೇ ಹೇಳಿದ್ದರು — ರಕ್ತದ ಒತ್ತಡ ಬಹಳ ಇದೆ, ಆರಾಮ ಅನಿಸಿದರೂ ಗುಳಿಗೆ ಬಿಡುವಂತಿಲ್ಲ, ಮೂಗು ಕಟ್ಟಿದರೆ ಹೆದರಬೇಡಿರಿ ಎಂದು.

ಶನಿವಾರ ಮತ್ತೆ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಒಂಚೂರೂ ಇಳಿದಿಲ್ಲ. "ತಪ್ಪಸ್ತಿಯೇನವಾ?" ಎಂದರು. ಕಣ್ಣು ಪಿಳುಕಿಸದೆ ಇಲ್ಲ ಅಂದಳು. ಮತ್ತೆ ಯಾಕೆ ಇಳಿಯಲೊಲ್ಲದು...

ಮಂಗಳವಾರ, ೧೯ ಮಾರ್ಚ್

ಡ್ಯೂಟಿ ಮುಗಿಸಿ ಬಂದಾಗ ಕಟ್ಟೆಯ ಮೇಲೆ ಕೌದಿ ಹರಡಿತ್ತು. ಪಕ್ಕದ ಮನೆಯ ಲಾಲಬಿ ಆ ತುದಿ, ಇವಳು ಈ ತುದಿ. ಗಂಡ ತೀರಿದ ಮೇಲೆ ಲಾಲಬಿಯ ಒಲೆ ಉರಿಯುವುದೇ ಕೌದಿ ಹೊಲಿದು. ಇವಳು ಹೊಲಿಯುವುದು ಗೆಳೆತನಕ್ಕೆ.

ಧಗೆ. ಇಬ್ಬರೂ ಬಾಯಿಯಿಂದಲೇ ಉಸಿರಾಡುತ್ತಿದ್ದರು. ಇವಳು ಸೊರ್ರೆಂದು ಮೂಗು ಏರಿಸಿದಳು. ಆಕೆಯೂ ಏರಿಸಿದಳು.

"ಇಂಥಾ ಬಿಸಲಾಗ ನೆಗಡಿ ಏನವಾ ಲಾಲಬಿ?"

"ನೆಗಡಿ ಅಲ್ರಿ ಅಣ್ಣಾರ. ಅಕ್ಕಾ ಕೊಡೋ ಗುಳಗಿ ಮೂಗ ಕಟ್ಟತೈತ್ರಿ. ಆದ್ರ ತಲಿ ಹಿಂದ ಬಡಕೊಳ್ಳೂದು ಕಡಿಮಿ ಆಗೇತಿ. ನಿಮ್ಮಲ್ಲೆ ಹೆಚ್ಚ ಉಳೀತಾವಂತಲ್ಲ!"

ಉಡಚವ್ವ ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

ಹೆಚ್ಚು ಎಲ್ಲಿಂದ ಬರಬೇಕು? ಡಿಸ್ಪೆನ್ಸರಿಯಲ್ಲಿ ಎಣಿಸಿ ಕೊಡುತ್ತಾರೆ.

ಬುಧವಾರ, ೨೦ ಮಾರ್ಚ್

ನಿನ್ನೆ ಲಾಲಬಿಯ ಎದುರು ಏನೂ ಆಡಲಿಲ್ಲ. ಒಳಗೆ ಬಂದ ಮೇಲೆ ಕೇಳಿದೆ. ಅಡಿಕೆ ಕತ್ತರಿಸುವ ಅಡಕೊತ್ತಿನಿಂದಲೇ ಗುಳಿಗೆ ಕತ್ತರಿಸಿ, ಅರ್ಧ ತಾನು, ಅರ್ಧ ಆಕೆಗೆ. ದೀಪಾವಳಿಯಿಂದ ಹೀಗೇ ನಡೆದಿದೆ!

"ಇಬ್ಬರಿಗೂ ಒಂದ ಬ್ಯಾನಿ. ನಾ ಇಡೀದ ನುಂಗಿ, ಆಕಿ ತಲಿ ಹಿಡ್ಕೊಂಡ ಕುಂತದ್ದ ನೋಡ್ಕೋತ ಸೂಜಿ ಎಳೀಲೇನ್ರಿ?"

"ಅರ್ಧಾದಿಂದ ನಿನಗೂ ಆಗೂದಿಲ್ಲ, ಆಕಿಗೂ ಆಗೂದಿಲ್ಲ."

"ಒಂದ ರೊಟ್ಟಿ ಹರದ ತಿಂದ್ರ ಇಬ್ಬರ ಹೊಟ್ಟಿನೂ ಅರ್ಧಾರ ತುಂಬತೈತಿಲ್ಲೊ?"

ಗುಳಿಗೆ ರೊಟ್ಟಿಯಲ್ಲ ಅಂದೆ. ಅಂದದ್ದು ನನಗೇ ಕಹಿಯಾಯಿತು. ನಾನು ಟೈಫಾಯ್ಡಿನಲ್ಲಿ ಮಲಗಿದ್ದಾಗ ಈ ಮನೆಗೆ ರೊಟ್ಟಿ ಬಂದದ್ದು ಲಾಲಬಿಯ ಬುಟ್ಟಿಯಿಂದ.

ಗುರುವಾರ, ೨೮ ಮಾರ್ಚ್

ಅರ್ಧ ದಿನ ರಜೆ ಹಾಕಿ ಲಾಲಬಿಯನ್ನು ಡಿಸ್ಪೆನ್ಸರಿಗೆ ಕರೆದೊಯ್ದೆ. ಡಾಕ್ಟರು ಒಳ್ಳೆಯವರು, ಪಟ್ಟಿ ಸುತ್ತಿ ನೋಡಿದರು. ಆಕೆ ಹೊರಗೆ ಹೋದ ಮೇಲೆ ಹೇಳಿದರು — "ಗೋವಿಂದಪ್ಪಾ, ನಿಮ್ಮ ಮನಿಯವರಕಿಂತ ಇವರದ ಹೆಚ್ಚೈತಿ. ಆದ್ರ ನಿಮ್ಮ ಕಾರ್ಡಿನ್ಯಾಗ ಇವರ ಹೆಸರಿಲ್ಲ. ನಾ ಹೆಂಗ ಕೊಡ್ಲಿ?"

"ತಂಗಿ ಅಂತ ಬರಸ್ಲೇನ್ರಿ, ಸಾಹೇಬ್ರ?"

ಲಾಲಬಿ ಹೋದ ಬಾಗಿಲು ನೋಡಿದರು. ನನ್ನನ್ನು ನೋಡಿದರು. ನಕ್ಕರು. ಆಮೇಲೆ ನಗಲಿಲ್ಲ.

ಅರ್ಧ ಗುಳಿಗೆಯ ಸಂಗತಿ ಹೇಳಿದೆ. ಹೀಗೇ ನಡೆದರೆ ಇಬ್ಬರನ್ನೂ ಕಳೆದುಕೊಳ್ಳುತ್ತೀರಿ ಅಂದರು. ಹೊರಗಿನ ಅಂಗಡಿಗೆ ಚೀಟಿ ಬರೆದುಕೊಟ್ಟರು. ಒಂದು ಬಾಟಲಿ ಕೊಂಡುತಂದೆ. ಇದು ಮುಗಿದ ಮೇಲೆ... ನೋಡೋಣ.

ಬುಧವಾರ, ೧ ಮೇ

ಏಪ್ರಿಲ್ ಪೂರ್ತಿ ಇಬ್ಬರೂ ಇಡೀ ಗುಳಿಗೆ ನುಂಗಿದರು. ಇವಳ ಪ್ರೆಶರ್ ಇಳಿದಿದೆ! ಡಾಕ್ಟರು ಬೆನ್ನು ತಟ್ಟಿದರು — ನನ್ನದು.

ಲಾಲಬಿಯ ಬಾಟಲಿ ನಿನ್ನೆ ಬರಿದಾಯಿತು. ಇನ್ನೊಂದು ತರುವ ಶಕ್ತಿ ನನ್ನ ಸಂಬಳಕ್ಕಿಲ್ಲ.

ಗದಗಿನಲ್ಲಿ ಸಾಲಿ ಕಲಿಸುವ ಅಕ್ಕೋರಾಗಿರುವ ಮಗಳು ಯಂಕವ್ವನಿಗೆ ಕಾಗದ ಬರೆದೆ. ಸಾಲಿ ಕಾಣದವನ ಕಾಗದ. ತಪ್ಪುಗಳನ್ನು ಕೆಂಪು ಶಾಯಿಯಿಂದ ತಿದ್ದಿ ವಾಪಸು ಕಳಿಸುತ್ತಾಳೆ, ತುಂಟಿ. ಅವಳ ಸಂಸಾರವೂ ದೊಡ್ಡದು, ಔಷಧಿಗೆ ಕೇಳಲು ಮನಸ್ಸಾಗಲಿಲ್ಲ. ಅವ್ವ ಆರಾಮ ಎಂದಷ್ಟೇ ಬರೆದೆ.

"ನಿಮ್ಮಾಣಿ, ಇನ್ನ ಇಡೀದ ನುಂಗತೇನ್ರಿ" ಎಂದಿದ್ದಾಳೆ ಉಡಚವ್ವ. ನನ್ನೆದುರಿಗೇ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಾಳೆ.

ಸೋಮವಾರ, ೧೩ ಮೇ

ಲಾಲಬಿ ಕಟ್ಟೆಯ ಮೇಲೆ ಹೊಲಿಯುತ್ತ ಕೂತಿದ್ದಾಳೆ. ಗುಳಿಗೆ ಮುಗಿದು ಎರಡು ವಾರವಾದರೂ ಮೂಗು ಏರಿಸುತ್ತಿದ್ದಾಳೆ.

ರವಿವಾರ, ೨ ಜೂನ್

ಇಷ್ಟು ದಿನ ಬರೆಯಲಾಗಲಿಲ್ಲ.

ಹೊಲಿಯುತ್ತಿದ್ದ ಉಡಚವ್ವನ ಕೈಯಿಂದ ಸೂಜಿ ಬಿತ್ತಂತೆ. ಎತ್ತಿಕೊಳ್ಳಲು ಬಗ್ಗಿದವಳು ಕೌದಿಯ ಮೇಲೆಯೇ ಒರಗಿದಳು. ಲಕ್ವಾ. ಬಲಗೈ, ಬಲಗಾಲು ಇಲ್ಲ. ಮಾತೂ ಇಲ್ಲ. ಆ ಬಾಯಿಗೆ ಮಾತಿಲ್ಲ... ಇನ್ನು ಮೇಲಾದರೂ ಇಡೀ ಗುಳಿಗೆ ತಪ್ಪಬಾರದು, ಇನ್ನೊಂದು ಸಲ ಹೀಗಾದರೆ ಉಳಿಯಲಿಕ್ಕಿಲ್ಲ ಅಂದರು ಡಾಕ್ಟರು.

ನಿನ್ನೆ ಮನೆಗೆ ಕರೆತಂದೆವು. ಬಿದ್ದ ದಿನ ಉಟ್ಟ ಸೀರೆಯನ್ನು ಒಗೆಯಲು ಲಾಲಬಿಯೇ ತೆಗೆದುಕೊಂಡಳು. ಸೆರಗಿನ ತುದಿಯಲ್ಲಿ ಗಂಟು. ಬಿಚ್ಚಿದಳು. ಅರ್ಧ ಗುಳಿಗೆ. ಕೆನ್ನೆಯ ಸಂದಿನಲ್ಲಿಟ್ಟುಕೊಂಡು ಆಮೇಲೆ ತೆಗೆದು ಕತ್ತರಿಸಿಟ್ಟದ್ದು, ಅಂಚು ಕರಗಿತ್ತು.

ಲಾಲಬಿ ಅದನ್ನೇ ನೋಡುತ್ತ ನಿಂತಳು. "ಹೆಚ್ಚ ಉಳೀತಾವ ಅಂದಿದ್ದೆಲ್ಲ ಅಕ್ಕಾ... ಹೆಚ್ಚ ಉಳೀತಾವ ಅಂದಿದ್ದೆಲ್ಲ..."

ನನ್ನ ಕಡೆ ತಿರುಗಿದಳು. "ನಿಮಗ ಗೊತ್ತಿತ್ತೇನ್ರಿ ಅಣ್ಣಾರ?"



ರವಿವಾರ, ೯ ಜೂನ್

ಲಾಲಬಿ ಎರಡೂ ಹೊತ್ತು ಬಂದು ಗಂಜಿ ಕುಡಿಸುತ್ತಾಳೆ. ಗಂಜಿಗೆ ಬಾಯಿ ತೆರೆಯುತ್ತಾಳೆ ಇವಳು. ಗುಳಿಗೆ ಕಂಡರೆ ಹಲ್ಲು ಕಚ್ಚುತ್ತಾಳೆ. ಎಡಗೈಯಿಂದ ಲಾಲಬಿಯ ಕಡೆಗೇ ದೂಡುತ್ತಾಳೆ.

"ನಾ ಮುಟ್ಟಾಂಗಿಲ್ಲ, ನುಂಗ ಅಕ್ಕಾ. ನಂದ ತಲಿ ಛಲೋ ಐತಿ" ಎನ್ನುತ್ತ ಗೋಡೆ ಹಿಡಿದು ನಿಂತಿದ್ದಳು ಲಾಲಬಿ. ಅವಳ ತಲೆ ಎಷ್ಟು ಛಲೋ ಇದೆಯೆಂದು ಇವಳಿಗೆ ಕಾಣುವುದಿಲ್ಲವೇ. ಮಲಗಿದಲ್ಲಿಂದಲೇ ಎಲ್ಲ ನೋಡುತ್ತಾಳೆ.

ಗಂಜಿಯಲ್ಲಿ ಅರೆದು ಹಾಕಿದೆ. ಉಗುಳಿದಳು. ಈಗ ಗಂಜಿಯನ್ನೂ ನಂಬುವುದಿಲ್ಲ.

ಸೋಮವಾರ, ೧೭ ಜೂನ್, ಬೆಳಿಗ್ಗೆ

ಇವತ್ತು ಎಡಗೈ ಎತ್ತಿ ಅಡಕೊತ್ತು ತೋರಿಸಿದಳು. ಕತ್ತರಿಸಿದೆ. ಒಂದು ಚೂರು ಲಾಲಬಿಯ ಮುಂದೆ ಹಿಡಿದೆ. ಮುಖ ತಿರುಗಿಸಿದಳು. "ಮತ್ತ ಆಕಿ ಪಾಲ ತಿನ್ನಂತೀರೇನ್ರಿ?" ಇನ್ನೊಂದು ಚೂರು ಇವಳ ತುಟಿಯ ಹತ್ತಿರ ಒಯ್ದೆ. ಕಣ್ಣು ಲಾಲಬಿಯ ಮೇಲೆ. ಬಾಯಿ ಬಿಗಿ.

ಇಬ್ಬರಿಗೂ ಕೈ ಮುಗಿದೆ. ಹಿರಿಯ ನಾನು. ಬೈದೂ ನೋಡಿದೆ.

ಎರಡೂ ಚೂರು ನನ್ನ ಅಂಗೈಯ ಬೆವರಿಗೆ ಪುಡಿಯಾಗಹತ್ತಿದವು. ತಟ್ಟೆಯಲ್ಲಿಟ್ಟಿದ್ದೇನೆ. ಲಾಲಬಿ ಗೋಡೆ ನೋಡುತ್ತ ಕೂತಿದ್ದಾಳೆ. ಇವಳು ಲಾಲಬಿಯನ್ನು. ಭೋಂಗಾ ಆಯಿತು. ಹೋಗುವ ಮೊದಲು ಇನ್ನೊಂದು ಸಲ ಕೇಳಿ ನೋಡುತ್ತೇನೆ —