ಡಿವಿಡಿಗಿಟ್ಟ ಕುಂಕುಮ

ರೀ,

ವಿಂಡೋಸ್ ಮತ್ತೆ ಹಾಕೋಣ ಅಂದ್ರೆ ಲ್ಯಾಪ್‌ಟಾಪ್ ಯಾಕೆ ಡಿವಿಡಿಯಿಂದ ಶುರುವಾಗ್ತಿಲ್ಲ ಅಂತ ಬೆಳಿಗ್ಗೆ ಗೊತ್ತಾಯ್ತು. ಹೊರಗಡೆ ಹಾಕೋ ಆ ಡ್ರೈವ್ ಚೆನ್ನಾಗೇ ಇದೆ. ಒಳಗಿರೋ ವಿಂಡೋಸ್ ಡಿವಿಡಿ ತಿರುಗಿಸಿ ನೋಡಿ, ಕುಂಕುಮ! ಆಯುಧಪೂಜೇಲಿ ಸ್ಕೂಟರ್‌ಗೆ, ಮಿಕ್ಸಿಗೆ ಇಟ್ಟಿದ್ದು ಸಾಲ್ದು ಅಂತ ಇದಕ್ಕೂ ಇಟ್ಟಿದ್ದೀರಿ. ಹೊಳೆಯೋದೇ ಮುಖ ಅಂದ್ಕೊಂಡ್ರಾ? ಡ್ರೈವ್ ಓದೋದು ಆ ಕಡೆಯಿಂದಲೇ ಕಣ್ರೀ!

"ಸಿಕ್ಕಿದ್ದೆಲ್ಲ ಒತ್ತಿ ಡ್ರೈವ್ ಇವಳೇ ಕೆಡಿಸಿದ್ಲು" ಅಂತ ಅತ್ತೆ ಎದುರಿಗೆ ಬೈದ್ರಲ್ಲ, ಅವತ್ತಿಂದ ಅವರು ಟೀವಿ ರಿಮೋಟ್ ಕೂಡ ನನ್ನ ಕೈಗೆ ಕೊಡ್ತಿಲ್ಲ.

ಒದ್ದೆ ಬಟ್ಟೇಲಿ ನಡುವಿಂದ ಅಂಚಿಗೆ ಮೆತ್ತಗೆ ಒರೆಸಿ, ಪಾತ್ರೆ ಥರ ಉಜ್ಜಬೇಡಿ. ಒಣಗಿದ ಮೇಲೆ ಹಾಕಿ, ಆನ್ ಮಾಡಿದ ತಕ್ಷಣ ಎಫ್ ಹನ್ನೆರಡು ಒತ್ತಿ, ಬರೋ ಪಟ್ಟೀಲಿ ಡಿವಿಡಿ ಡ್ರೈವ್ ಆರಿಸಿ. ಯಾವುದಾದ್ರೂ ಕೀ ಒತ್ತು ಅಂತ ಬರುತ್ತೆ, ಕೆಲವೇ ಸೆಕೆಂಡಲ್ಲಿ ಹೋಗ್ಬಿಡುತ್ತೆ. ಆಗ ಕನ್ನಡಕ ಹುಡುಕ್ತಾ ಕೂರಬೇಡಿ, ಒತ್ತಿ.

ಉಪ್ಪಿಟ್ಟು ಮುಚ್ಚಿಟ್ಟಿದ್ದೀನಿ, ತಿನ್ನಿ. ಗೊರಗುಂಟೆಪಾಳ್ಯದ ಟ್ರಾಫಿಕ್ಕಿಗೆ ಹೆದರಿ ಬೇಗ ಹೊರಟೆ.

ಒರೆಸೋದು ನನಗೇನ್ ಬರಲ್ವಾ? ಬೇಕಂತಲೇ ಹಾಗೇ ಬಿಟ್ಟಿದ್ದೀನಿ. ಮೊದಲು ಅತ್ತೆಗೆ ತೋರಿಸಿ, ಇಟ್ಟಿದ್ದು ಯಾರು ಅಂತ ನೀವೇ ಬಾಯಿಬಿಟ್ಟು ಹೇಳಿ. ಆಮೇಲೆ ಒರೆಸಿ.

ಭಾವನಾ