ಎರಡು ಗಂಟೆ ಹಿಂದೆ

ನೈರೋಬಿ, ಏಪ್ರಿಲ್ 1997

ತುರ್ಗುನ್,

ನಿನಗೆ ಓದಲು ಬಾರದ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಸಾರಿ ಕಣೋ. ನಿನ್ನ ಕಾಗದ ಒಡೆದು ನೋಡುವವರಿಗೂ ಬಾರದಿರಲಿ ಎಂದು. ಆದರೂ ಪೋಸ್ಟ್ ಮಾಡುವ ಧೈರ್ಯವಿಲ್ಲ.

ಬೀಜಿಂಗಿನಿಂದ ಅಷ್ಟು ದೂರ ಪಶ್ಚಿಮದ ನಿಮ್ಮೂರು ಗುಲ್ಜಾದಲ್ಲಿ ನಿನ್ನ ಅಣ್ಣನನ್ನು ಪೊಲೀಸರು ಹಿಡಿದರೆಂದು ನೀನು ಊರಿಗೆ ಹೊರಟು ಮೂರು ದಿನವಾಯಿತು. ಇವತ್ತು ನಿಮ್ಮ ದೇಶದವನೊಬ್ಬ, ಸ್ಕಾಲರ್‌ಶಿಪ್ ಆಫೀಸಿನವನೆಂದು ಹೇಳಿಕೊಂಡು, ಹಾಸ್ಟೆಲಿನ ನಮ್ಮ ರೂಮಿಗೆ ಬಂದು ನಿನ್ನ ಮಂಚದ ಮೇಲೆ ಕೂತ.

"ಅವನ ಟೇಬಲ್ ಗಡಿಯಾರ ಬೀಜಿಂಗ್ ಟೈಮ್ ತೋರಿಸ್ತಿತ್ತಾ?" ಎಂದ.

"ಇಲ್ಲ ಸಾರ್, ಅದಕ್ಕಿಂತ ಎರಡು ಗಂಟೆ ಹಿಂದೆ. ಅವರೂರಿನ ಟೈಮಂತೆ. ನಮ್ಮ ವಾಚ್‌ಮನ್ ಸ್ವಾಹಿಲಿಯಲ್ಲಿ ಬೆಳಕಾದಾಗಿಂದ ಎಣಿಸಿ ಬೆಳಿಗ್ಗೆ ಎಂಟನ್ನ ಎರಡು ಅಂತಾನೆ. ಇಲ್ಲಿ ಎಲ್ಲರದ್ದೂ ಅವರವರ ಟೈಮೇ."

ಬೋರ್ಡಿಂಗ್ ಸ್ಕೂಲಿನಲ್ಲಿ ವಾರ್ಡನ್ ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರಿಸಿ ಬೆಳೆದವನು ನಾನು. ಹೇಳಿ ನಕ್ಕೆ. ಅವನು ನಗದೆ ಬರೆದುಕೊಂಡ.

ಅವನು ಹೋದ ಮೇಲೆ ನೆನಪಾಯಿತು. ನಿಮ್ಮ ದೇಶದವರು ಯಾರೇ ಬಂದರೂ ನೀನು ಆ ಗಡಿಯಾರವನ್ನು ದಿಂಬಿನಡಿ ತುರುಕುತ್ತಿದ್ದೆ. ಅಲಾರಂ ಹೊಡೆದೀತು ಅಂತ ಇರಬೇಕು ಎಂದುಕೊಂಡಿದ್ದೆ. ಬೀಜಿಂಗ್ ಟೈಮ್ ಬಿಟ್ಟು ಊರಿನ ಟೈಮ್ ಇಟ್ಟುಕೊಂಡವನನ್ನು ನಿಮ್ಮ ಸರ್ಕಾರ ಬಂಡುಕೋರನೆಂದೇ ಎಣಿಸುತ್ತದೇನೋ.

ಪಕ್ಕದ ರೂಮಿನ ಹಿಲರಿ ಈಗ ಇಣುಕಿ, "ಯಾರಿಗೆ ಮಾರಾಯ, ಇಷ್ಟುದ್ದ?" ಎಂದ. "ಅಮ್ಮನಿಗೆ" ಎಂದೆ. ಅವನು ಮಂಗಳೂರಿನವನು, ಕನ್ನಡ ಓದುತ್ತಾನೆ. ಕೈ ಅಡ್ಡ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ನೀನು ಬರೆಯುವ ಕಾಗದದ ಮೇಲೆ ಎಷ್ಟು ಗಂಟೆಯೆಂದು ಹಾಕಬೇಡ. ಮನೆ ತಲುಪಿದೆ ಎಂದಷ್ಟೇ ಬೇಗ ಬರೆ.