ಅಪ್ಪಂಗೆ ಆಗಿದ್ದು ಹಾರ್ಟ್ ಅಲ್ಲ

…ಅಲ್ಲ ಅಕ್ಕಾ, ಹಾಗಲ್ಲ, ಮತ್ತೆ ಮೊದಲಿಂದ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಈ ವಾಯ್ಸ್ ಮೆಸೇಜ್ ರೆಕಾರ್ಡ್ ಮಾಡ್ತಿರೋದು ಇದು ಮೂರನೇ ಸಲ. ಮಂಗಳವಾರ ಬೆಳಗ್ಗೆ, ಆಸ್ಪತ್ರೆ ಎರಡನೇ ಮಹಡಿ. ಹಿಂದುಗಡೆ ಲಾಡಿ ಕಟ್ಟೋ ನಿಲುವಂಗಿ ಹಾಕ್ಸಿದಾರೆ, ಮಾನ ಉಳಿಸ್ಕೊಳ್ಳೋಕೆ ಗೋಡೆಗೆ ಬೆನ್ನು ಅಂಟಿಸ್ಕೊಂಡು ಕೂತಿದೀನಿ. ನಿನ್ನ ಮಂಡಿ ಹೇಗಿದೆ? ಭಾವ ವಾಕಿಂಗ್ ಹೋಗ್ತಿದಾರೋ, ಹೋದೆ ಅಂತ ಸುಳ್ಳು ಹೇಳ್ತಿದಾರೋ?

ಹೋದ ತಿಂಗಳು ಕರುಳಿನ ಸಿಟಿ ಸ್ಕ್ಯಾನ್ ಮಾಡಿಸಿದ್ನಲ್ಲ. ಏನೂ ತೊಂದರೆ ಇರ್ಲಿಲ್ಲ, ಐವತ್ತಾಯ್ತಲ್ಲ ಅಂತ. "ಇಲ್ಲದ ರೋಗ ಹುಡುಕ್ಕೊಂಡು ಹೋಗ್ತೀಯಲ್ಲೋ" ಅಂದೆ ನೀನು. ಹೌದಮ್ಮಾ, ಹೋದೆ! ಲಿಫ್ಟ್ ರಿಪೇರಿಯವನು ನಾನು, ರೋಪ್ ಕಿತ್ತು ಹೋಗೋ ತನಕ ಕಾಯ್ತೀನಾ? ಹಿಂದಿನ ದಿನ ಊಟ ಇಲ್ಲ, ಭೇದಿ ಔಷಧಿ, ಕಕ್ಕಸಿಗೂ ಮಂಚಕ್ಕೂ ಓಡಾಟ. ಮಶೀನಲ್ಲಿ ಮಲಗಿಸಿ, ಹಿಂದಿನಿಂದ ಸಣ್ಣ ಕೊಳವೆ ಇಟ್ಟು ಗ್ಯಾಸ್ ತುಂಬಿದ್ರು, ಹೊಟ್ಟೆ ಲಾರಿ ಟ್ಯೂಬ್ ಥರ ಉಬ್ತು. ಅಂಗಾತ ಒಂದ್ಸಲ, ಬೋರಲು ಒಂದ್ಸಲ, "ಉಸಿರು ಹಿಡ್ಕೊಳ್ಳಿ" ಅಂದ್ರು. ಕಾಲು ಗಂಟೆ, ಅಷ್ಟೇ. ಒಂದು ಸೆಂಟಿಮೀಟರ್ ಗಂಟು ಕಾಣಿಸ್ತು. ಈಗ ಕ್ಯಾನ್ಸರ್ ಅಲ್ದೇ ಇರಬಹುದು, ಬಿಟ್ರೆ ಆಗಬಹುದಂತೆ. ಇವತ್ತು ಹಿಂದಿನಿಂದ ಕ್ಯಾಮೆರಾ ಇರೋ ಕೊಳವೆ ಹಾಕಿ ಅದನ್ನ ತೆಗೀತಾರೆ.

ಹೋದ ವಾರ ರಿಪೋರ್ಟ್ ತೋರಿಸೋಕೆ ಹೋದಾಗ ಡಾಕ್ಟರಮ್ಮ ಕೇಳಿದ್ರು, "ಮನೇಲಿ ಯಾರಿಗೂ ಕರುಳಿನ ಕಾಯಿಲೆ ಇರ್ಲಿಲ್ವಾ?" ಫಾರ್ಮಲ್ಲಿ ನಾನು ಬರೆದಿದ್ದೇನು ಗೊತ್ತಾ? ತಂದೆ, ಹಾರ್ಟ್ ಅಟ್ಯಾಕ್. ಕೈ ತಾನಾಗೇ ಬರೆದುಬಿಡ್ತು ಅಕ್ಕಾ. ಅಪ್ಪ ಕಕ್ಕಸಲ್ಲಿ ರಕ್ತ ಹೋಗ್ತಿದ್ದನ್ನ ವರ್ಷ ಪೂರ್ತಿ ಮುಚ್ಚಿಟ್ರು. ಅವರು ಹೋದ್ಮೇಲೆ ಅಮ್ಮ ನಮ್ಮಿಬ್ಬರನ್ನೂ ಕೂರಿಸ್ಕೊಂಡು, "ಯಾರು ಕೇಳಿದ್ರೂ ಹಾರ್ಟು ಅನ್ನಿ, ಅಸಹ್ಯದ ಜಾಗದ ಮಾತು ಬೇಡ" ಅಂದ್ರಲ್ಲ, ಅದೇ ಬಾಯಿಪಾಠ. ಡಾಕ್ಟರಮ್ಮಂಗೆ ನಿಜ ಹೇಳ್ದೆ. "ಮೊದಲೇ ಹೇಳಿದ್ರೆ ನಲವತ್ತಕ್ಕೇ ನೇರವಾಗಿ ಕ್ಯಾಮೆರಾ ಹಾಕಿ ನೋಡ್ಬೋದಿತ್ತಲ್ರೀ" ಅಂತ ಚೆನ್ನಾಗಿ ಉಗಿದ್ರು. ಫಾರ್ಮ್ ಈಸ್ಕೊಂಡು, ಹಾರ್ಟ್ ಹೊಡೆದುಹಾಕಿ, ಕರುಳಿನ ಕ್ಯಾನ್ಸರ್ ಅಂತ ದಪ್ಪ ಅಕ್ಷರದಲ್ಲಿ ಬರೆದೆ. ಮನೇಲೂ ಹೇಳ್ದೆ. ಮೂರು ದಿನದಿಂದ ಅಮ್ಮ ನನ್ನ ಹತ್ರ ಮಾತು ಬಿಟ್ಟಿದಾರೆ. ಬಿಡ್ಲಿ. ಅಪ್ಪನ ಮರ್ಯಾದೆ ಅವರ ಕರುಳಲ್ಲಿ ಇರ್ಲಿಲ್ಲ. ಇನ್ಮೇಲೆ ಬಸ್ಸಲ್ಲಿ ಪಕ್ಕ ಕೂತೋರು ಕೇಳಿದ್ರೂ ಹೇಳ್ತೀನಿ.

ಭಾವನಿಗೆ ನಮಸ್ಕಾರ ಹೇಳು, ಮಕ್ಕಳಿಗೆ ಮಾವನ ಆಶೀರ್ವಾದ. ನಿನ್ನ ತಮ್ಮ, ಅಷ್ಟೇ.

ಹಾಂ, ಮುಗೀಲಿಲ್ಲ! ನಿನಗೆ ಐವತ್ನಾಲ್ಕು. ಅಪ್ಪ ಇಬ್ಬರಿಗೂ ಒಬ್ಬರೇ. ಇದೇ ಡಾಕ್ಟರಮ್ಮನ ಹತ್ರ ನಿನ್ನ ಹೆಸರು ಬರೆಸಿದೀನಿ, ಬರೋ ಗುರುವಾರ ಹತ್ತೂವರೆಗೆ. ನಿನ್ನ ಕೇಳ್ಲಿಲ್ಲ, ಕೇಳೋದೂ ಇಲ್ಲ. ಬೈಯೋದಿದ್ರೆ ಇಲ್ಲಿಗೆ ಬಂದು… ಬಂದೆ ಸಿಸ್ಟರ್, ಬಂದೆ! ಕರೀತಿದಾರೆ ಕಣಕ್ಕಾ, ಇಡ್ತೀನಿ.